ಸಾವಕಾಶ ಹೋಗ್ರಿ

(ಕಲಬುರಗಿಯಲ್ಲಿ ಹಿರಿಯ ನಾಗರಿಕರೂ ಕಾಲೇಜು ವಿದ್ಯಾರ್ಥಿಗಳೂ ಸೇರಿದ್ದ ಒಂದು ಸಂಜೆಯ ಸಭೆಯಲ್ಲಿ ನಿವೃತ್ತ ಸ್ಟೇಷನ್ ಮಾಸ್ಟರ್ ಒಬ್ಬರು ಆಡಿದ ಮಾತುಗಳ ಬರಹ ರೂಪ)

ನಮ್ಮ ಭಾಗದಲ್ಲಿ ಮನೆಗೆ ಬಂದವರನ್ನು ಕಳಿಸಿಕೊಡುವಾಗ ಹೊಸ್ತಿಲ ಬಳಿ ನಿಂತು ಹೇಳುವ ಒಂದು ಮಾತಿದೆ: “ಸಾವಕಾಶ ಹೋಗ್ರಿ.” ಇಲ್ಲಿ ಕುಳಿತ ಎಲ್ಲರೂ ಇದನ್ನು ಸಾವಿರ ಸಲ ಹೇಳಿದ್ದೀರಿ, ಸಾವಿರ ಸಲ ಕೇಳಿದ್ದೀರಿ; ಇನ್ನೊಂದು ತಾಸಿಗೆ ಈ ಸಭೆ ಮುಗಿದಾಗ ಹೊರಗೆ ಗಾಡಿ ಹತ್ತುವವರಿಗೆ ಮತ್ತೊಮ್ಮೆ ಹೇಳುತ್ತೀರಿ. ದಿನದಿನದ ಬದುಕಿನಲ್ಲಿ ಮುಖ್ಯವಾದದ್ದು ಯಾವುದು ಎಂದು ತುಸು ನಿಂತು ಯೋಚಿಸುವುದರ ಬಗ್ಗೆ ಮಾತಾಡಬೇಕೆಂದು ನೀವು ಕೇಳಿಕೊಂಡಾಗ ನನಗೆ ಮೊದಲು ನೆನಪಾದದ್ದು ಈ ಮಾತೇ. ಬಾಯಿಗೆ ಎಷ್ಟು ರೂಢಿಯಾಗಿದೆಯೆಂದರೆ, ಅದರ ಒಳಗೆ ಏನಿದೆ ಎಂದು ನಾವು ಯಾರೂ ಇಣುಕಿ ನೋಡಿಲ್ಲ.

‘ಸಾವಕಾಶ’ ಎಂದರೆ ಮೆಲ್ಲಗೆ ಎಂದಷ್ಟೇ ನಾವು ತಿಳಿದಿದ್ದೇವೆ. ಆದರೆ ಆ ಪದವನ್ನು ಬಿಡಿಸಿದರೆ ಸಿಗುವುದು ‘ಅವಕಾಶದೊಂದಿಗೆ’ ಎಂಬ ಅರ್ಥ. ಅವಕಾಶ ಎಂಬುದು ಈಗ ಪತ್ರಿಕೆಗಳಲ್ಲಿ ಉದ್ಯೋಗಾವಕಾಶ, ಸುವರ್ಣಾವಕಾಶ ಎಂದು ಕೈಬೀಸಿ ಕರೆಯುವ ಪದವಾಗಿಬಿಟ್ಟಿದೆ. ಬೇಗ ಹೋಗಿ ಹಿಡಿಯಬೇಕಾದದ್ದು, ತಡಮಾಡಿದರೆ ತಪ್ಪಿಹೋಗುವುದು ಎಂಬ ಧ್ವನಿ ಅದಕ್ಕೆ ಅಂಟಿಕೊಂಡಿದೆ. ಅದರ ಮೂಲದ ಅರ್ಥ ಎಡೆ, ತೆರಪು, ನಡುವೆ ಬಿಟ್ಟ ಜಾಗ. ಹಾಗಾದರೆ ಸಾವಕಾಶ ಹೋಗುವವನು ತನ್ನ ಸುತ್ತ ಒಂದಿಷ್ಟು ತೆರಪನ್ನು ಇಟ್ಟುಕೊಂಡು ಹೋಗುತ್ತಾನೆ. ಅವನ ವೇಗ ಎಷ್ಟು ಎಂಬುದು ಆಮೇಲಿನ ಮಾತು. ಇದರ ಪಕ್ಕದಲ್ಲಿ ನಮ್ಮ ಇನ್ನೊಂದು ಪದವನ್ನೂ ಇಟ್ಟು ನೋಡಿ: ಉರ್ದುವಿನಿಂದ ಬಂದು ನಮ್ಮದೇ ಆಗಿರುವ ‘ಪುರುಸೊತ್ತು’. ಪುರುಸೊತ್ತು ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ; ಅದು ನಮಗೆ ಸಿಗಬೇಕಾದದ್ದು. ಸಾವಕಾಶ ಎಂಬುದನ್ನು ಮಾತ್ರ ನಾವು ಇನ್ನೊಬ್ಬರಿಗೆ ಹೇಳುತ್ತೇವೆ. ಯಾರೂ ತಮಗೆ ತಾವೇ “ಸಾವಕಾಶ ಹೋಗ್ರಿ” ಎಂದುಕೊಳ್ಳುವುದಿಲ್ಲ. ಈ ಒಂದು ಸಂಗತಿಯನ್ನು ನೀವು ಮನಸ್ಸಿನಲ್ಲಿಟ್ಟುಕೊಂಡರೆ ನನ್ನ ಮುಂದಿನ ಮಾತುಗಳ ದಾರಿ ನಿಮಗೆ ಸಿಗುತ್ತದೆ.

ನಾನು 36 ವರ್ಷ ರೈಲ್ವೆಯಲ್ಲಿ ದುಡಿದವನು. ಅದರಲ್ಲಿ ಹೆಚ್ಚಿನ ಕಾಲ ಕಳೆದದ್ದು ಸೊಲ್ಲಾಪುರ ಮತ್ತು ವಾಡಿಯ ನಡುವಿನ ನಿಲ್ದಾಣಗಳಲ್ಲಿ. ಈ ದಾರಿ ಬಹಳ ಹಳೆಯದು. ಮುಂಬೈಯಿಂದ ಬಂದ ಹಳಿ ಮತ್ತು ಮದ್ರಾಸಿನಿಂದ ಬಂದ ಹಳಿ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು, 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಹರಿಯಿತು. ನಮ್ಮ ಊರುಗಳಿಗೆ ನಿಮಿಷದ ಲೆಕ್ಕ ಬಂದದ್ದು ಹೀಗೆ, ಈ ಹಳಿಗಳ ಮೇಲೆ. ಅದಕ್ಕಿಂತ ಮೊದಲು ಹೊತ್ತು ಏರಿತು, ಹೊತ್ತು ಇಳಿಯಿತು, ದೀಪ ಹಚ್ಚುವ ಹೊತ್ತಾಯಿತು ಎನ್ನುತ್ತಿದ್ದ ಜನ, 9 ಗಂಟೆ 42 ನಿಮಿಷ ಎಂಬ ಮಾತನ್ನು ಕಲಿತರು. ನಾನು ಆ ನಿಮಿಷಗಳನ್ನು ಬರೆದಿಡುವ ಕೆಲಸದವನು. ಗಾಡಿ ಬಂದ ಹೊತ್ತು, ಬಿಟ್ಟ ಹೊತ್ತು, ಮುಂದಿನ ನಿಲ್ದಾಣಕ್ಕೆ ಮುಟ್ಟಿದ ಹೊತ್ತು, ಎಲ್ಲವನ್ನೂ ಒಂದೂ ತಪ್ಪದಂತೆ ರಿಜಿಸ್ಟರಿನಲ್ಲಿ ದಾಖಲಿಸುವುದರಲ್ಲಿ ನನ್ನ ಅರ್ಧ ಆಯುಷ್ಯ ಹೋಗಿದೆ.

ಹೊರಗಿನವರಿಗೆ ರೈಲ್ವೆ ಎಂದರೆ ವೇಗ. ಒಳಗಿದ್ದವರಿಗೆ ಗೊತ್ತಿರುವುದು ಬೇರೆ: ನಮ್ಮ ನಿಯಮಗಳಲ್ಲಿ ಬಹುಪಾಲು ಇರುವುದೇ ನಿಲ್ಲಿಸುವುದರ ಬಗ್ಗೆ, ತಗ್ಗಿಸುವುದರ ಬಗ್ಗೆ, ನಡುವೆ ತೆರಪು ಬಿಡುವುದರ ಬಗ್ಗೆ. ಎರಡು ನಿಲ್ದಾಣಗಳ ನಡುವಿನ ಒಂದು ಹಳಿಯ ಮೇಲೆ ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಒಂದು ಹೊತ್ತಿಗೆ ಒಂದೇ ಗಾಡಿ ಇರಬೇಕಾಗಿತ್ತು. ಮುಂದಿನ ಗಾಡಿ ಎಷ್ಟೇ ದೊಡ್ಡ ಎಕ್ಸ್‌ಪ್ರೆಸ್ ಆಗಿರಲಿ, ಅದರಲ್ಲಿ ಎಂಥ ದೊಡ್ಡವರೇ ಕುಳಿತಿರಲಿ, ಮೊದಲು ಹೋದದ್ದು ಪೂರ್ತಿ ದಾಟಿತು ಎಂಬುದು ಖಾತ್ರಿಯಾಗದೆ ಲೈನ್ ಕ್ಲಿಯರ್, ಅಂದರೆ ಗಾಡಿ ಬಿಡಲು ಒಪ್ಪಿಗೆ, ಕೊಡುವಂತಿರಲಿಲ್ಲ. ಎರಡು ಗಾಡಿಗಳ ನಡುವಿನ ಆ ಖಾಲಿ ಹಳಿಯನ್ನು ನೋಡಿ ಪ್ಲಾಟ್‌ಫಾರ್ಮಿನ ಮೇಲೆ ನಿಂತ ಪ್ರಯಾಣಿಕರು ಬೇಸರಪಡುತ್ತಿದ್ದರು, ಹೊತ್ತು ದಂಡವಾಗುತ್ತಿದೆ ಎಂದು ನನ್ನ ಕಿಟಕಿಯ ಬಳಿ ಬಂದು ಜಗಳವಾಡುತ್ತಿದ್ದರು. ಅವರ ಜೀವವನ್ನು ಕಾಯುತ್ತಿದ್ದದ್ದು ಆ ಖಾಲಿ ಹಳಿಯೇ.

ಕಾಷನ್ ಆರ್ಡರ್ ಎಂಬ ಒಂದು ಚೀಟಿಯ ಬಗ್ಗೆ ನಿಮಗೆ ಹೇಳಬೇಕು. ಮುಂದೆ ಎಲ್ಲೋ ಹಳಿ ಬದಲಾಯಿಸುತ್ತಿದ್ದಾರೆ, ಸೇತುವೆ ದುರಸ್ತಿಯಲ್ಲಿದೆ, ಅಥವಾ ಮಳೆಗೆ ಹಳಿಯ ಕೆಳಗಿನ ಏರಿ ಸಡಿಲಾಗಿದೆ ಎಂದಾದರೆ, ಯಾವ ಕಿಲೋಮೀಟರಿನಿಂದ ಯಾವ ಕಿಲೋಮೀಟರಿನವರೆಗೆ ಎಷ್ಟು ವೇಗದಲ್ಲಿ ಹೋಗಬೇಕು, ಯಾಕೆ ಹೋಗಬೇಕು ಎಂದು ಬರೆದು ಚಾಲಕನ ಕೈಗೆ ಕೊಡುವ ಚೀಟಿ ಅದು. ಎರೆ ಮಣ್ಣಿನ ಸೀಮೆಯಲ್ಲಿ ಕೆಲಸ ಮಾಡಿದವರಿಗೆ ಮಳೆಗಾಲದಲ್ಲಿ ಇದು ಹೊಸದೇನಲ್ಲ. ನೀರು ಕುಡಿದ ಎರೆ ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ, ಮೇಲಿನ ಹಳಿ ಎರಡು ಕಾಲದಲ್ಲೂ ಅಲುಗುತ್ತದೆ. ಆಗೆಲ್ಲ ಕಾರ್ಬನ್ ಹಾಳೆ ಇಟ್ಟು ಕೈಯಿಂದಲೇ ಬರೆಯುತ್ತಿದ್ದೆವು. ಆ ಚೀಟಿಯಲ್ಲಿ ‘ಯಾಕೆ’ ಎಂಬುದಕ್ಕೂ ಒಂದು ಜಾಗ ಇತ್ತು ಎಂಬುದು ನನಗೆ ಈಗ ದೊಡ್ಡದಾಗಿ ಕಾಣುತ್ತದೆ. ನಿಧಾನಿಸು ಎಂದಷ್ಟೇ ಹೇಳಿ ಕೈತೊಳೆದುಕೊಳ್ಳುತ್ತಿರಲಿಲ್ಲ. ಎಲ್ಲಿ ನೆಲ ಮೆತ್ತಗಿದೆ ಎಂದು ತೋರಿಸುತ್ತಿದ್ದೆವು.

ಆ ದುರ್ಬಲ ಜಾಗ ಬರುವ ತುಂಬ ಮೊದಲೇ ಹಳಿಯ ಪಕ್ಕದಲ್ಲಿ ಒಂದು ಹಳದಿ ಫಲಕ ನೆಟ್ಟಿರುತ್ತದೆ. ವೇಗದಲ್ಲಿರುವ ರೈಲು ಬ್ರೇಕ್ ಒತ್ತಿದ ಕೂಡಲೇ ನಿಲ್ಲುವುದಿಲ್ಲ, ಸುಮಾರು ಒಂದು ಕಿಲೋಮೀಟರ್ ಓಡಿಯೇ ನಿಲ್ಲುತ್ತದೆ. ಆದ್ದರಿಂದ ಅಪಾಯ ಕಣ್ಣಿಗೆ ಬಿದ್ದ ಮೇಲೆ ತಗ್ಗಿಸುತ್ತೇನೆ ಎನ್ನುವ ಚಾಲಕನಿಗೆ ತಗ್ಗಿಸಲು ಜಾಗವೇ ಉಳಿದಿರುವುದಿಲ್ಲ. ನಾವು ಸಾಮಾನ್ಯವಾಗಿ ಏನು ಅಂದುಕೊಳ್ಳುತ್ತೇವೆ? ಮಗಳ ಮದುವೆ ಆಗಲಿ, ಮನೆಯ ಸಾಲ ತೀರಲಿ, ನಿವೃತ್ತಿ ಬರಲಿ, ಆಗ ಕುಳಿತು ಬದುಕಿನ ಬಗ್ಗೆ ಯೋಚಿಸೋಣ ಎಂದು. ಇಲ್ಲದಿದ್ದರೆ ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದಾಗ ಯೋಚಿಸುತ್ತೇವೆ. ಓಡುವ ರೂಢಿ ಮೈಗೆ ಹತ್ತಿದ ಮೇಲೆ ನಿಲ್ಲುವುದಕ್ಕೂ ದೂರ ಬೇಕಾಗುತ್ತದೆ ಎಂಬುದನ್ನು ನನ್ನ ಕೆಲಸ ನನಗೆ ದಿನವೂ ತೋರಿಸುತ್ತಿತ್ತು, ನಾನು ಅದನ್ನು ಹಳಿಗೆ ಮಾತ್ರ ಅನ್ವಯಿಸಿಕೊಂಡೆ.

ಆ ಜಾಗ ದಾಟಿದ ಮೇಲೆ ಇನ್ನೊಂದು ಫಲಕ ಬರುತ್ತದೆ, ದುಂಡಗಿನದು. ಅದು ಕಂಡ ಮೇಲೆಯೇ ಚಾಲಕ ಮತ್ತೆ ವೇಗ ಹಿಡಿಯಬೇಕು. ಅದನ್ನು ದುರಸ್ತಿಯ ಜಾಗ ಮುಗಿದಲ್ಲಿಯೇ ನೆಡುವುದಿಲ್ಲ; ಅಲ್ಲಿಂದ ಒಂದು ಇಡೀ ಗಾಡಿಯ ಉದ್ದದಷ್ಟು ಮುಂದೆ ನೆಡುತ್ತಾರೆ. ಯಾಕೆಂದರೆ ಎಂಜಿನ್ ಗಟ್ಟಿ ನೆಲಕ್ಕೆ ಬಂದಿರುತ್ತದೆ, ಚಾಲಕನಿಗೆ ಮುಂದೆ ಎಲ್ಲವೂ ಸರಿಯಾಗಿ ಕಾಣುತ್ತಿರುತ್ತದೆ, ಆದರೆ ಅವನ ಗಾಡಿಯ ಕೊನೆಯ ಡಬ್ಬಿ ಇನ್ನೂ ಆ ಮೆತ್ತಗಿನ ಹಳಿಯ ಮೇಲೆಯೇ ಇರುತ್ತದೆ. ಆ ಡಬ್ಬಿಯ ಹಿಂದೆ ಎರಡು ಇಂಗ್ಲಿಷ್ ಅಕ್ಷರಗಳ ಒಂದು ಫಲಕ ತೂಗುತ್ತದೆ, ಎಲ್ ಮತ್ತು ವಿ. ಇದೇ ಕಡೆಯ ಡಬ್ಬಿ ಎಂಬ ಗುರುತು. ಗಾಡಿ ನಿಲ್ದಾಣ ದಾಟುವಾಗ ನಾವು ಎದ್ದು ಹೊರಗೆ ಬಂದು ನಿಲ್ಲುತ್ತಿದ್ದದ್ದು ಅದನ್ನು ನೋಡುವುದಕ್ಕೇ. ಎಂಜಿನ್ ಬಂದರೆ ಗಾಡಿ ಬಂದಂತಲ್ಲ. ಎಲ್‌ವಿ ಫಲಕ ಕಂಡರೆ, ರಾತ್ರಿಯಾದರೆ ಹಿಂದಿನ ಕೆಂಪು ದೀಪ ಕಂಡರೆ, ಆಗ ಮಾತ್ರ ಗಾಡಿ ಪೂರ್ತಿ ಬಂತು ಎಂದು ಬರೆಯಬೇಕು.

ಈಗ ನಮ್ಮ ಮನೆಯ ಒಂದು ಸಂಗತಿ ಹೇಳುತ್ತೇನೆ. ಕೊನೆಯ ಕೆಲವು ವರ್ಷಗಳಲ್ಲಿ ನಾವು ಕ್ವಾರ್ಟರ್ಸ್ ಬಿಟ್ಟು, ಕಲಬುರಗಿಯಲ್ಲಿ ಹಳಿಯಿಂದ ಒಂದು ಕಿಲೋಮೀಟರಿನಷ್ಟು ದೂರದಲ್ಲಿ ಕಟ್ಟಿಕೊಂಡ ಸ್ವಂತ ಮನೆಯಲ್ಲಿದ್ದೆವು. ನನ್ನ ತಾಯಿ ನಮ್ಮೊಂದಿಗಿದ್ದಳು. ಮೊದಲಿನಿಂದಲೂ ಬಾಯಿ ತುಂಬ ಮಾತಾಡುವ ಹೆಣ್ಣುಮಗಳು. ಓಣಿಯ ಯಾರ ಮನೆಯಲ್ಲಿ ಏನಾಗಿದೆ ಎಂಬುದು ಅವಳಿಗೆ ಮೊದಲು ತಿಳಿಯುತ್ತಿತ್ತು. ಆ ಕೆಲವು ವರ್ಷಗಳಲ್ಲಿ ಮೆಲ್ಲಮೆಲ್ಲಗೆ ಅವಳ ಮಾತು ಕಡಿಮೆಯಾಯಿತು. ಏನು ಹೇಳಿದರೂ ತಲೆಯಾಡಿಸುತ್ತಿದ್ದಳು, ನಗುತ್ತಿದ್ದಳು. ವಯಸ್ಸಾಯಿತು, ಮನಸ್ಸು ಶಾಂತವಾಗಿದೆ, ದೇವರ ಕಡೆಗೆ ತಿರುಗಿದೆ ಎಂದು ನಾನೂ ನನ್ನ ಹೆಂಡತಿಯೂ ಅಂದುಕೊಂಡೆವು, ಬಂದವರಿಗೂ ಹಾಗೆಯೇ ಹೇಳಿದೆವು. ಒಂದು ಮೇ ತಿಂಗಳ ರಾತ್ರಿ ಕರೆಂಟು ಹೋಯಿತು. ಕಲಬುರಗಿಯ ಮೇ ತಿಂಗಳ ರಾತ್ರಿ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಗೋಡೆಗಳು ಹಗಲಿನ ಬಿಸಿಯನ್ನು ರಾತ್ರಿ ಒಂದರವರೆಗೂ ಉಗುಳುತ್ತಿರುತ್ತವೆ. ಎಲ್ಲರೂ ಮಾಳಿಗೆಯ ಮೇಲೆ ಚಾಪೆ ಹಾಸಿಕೊಂಡು ಕುಳಿತೆವು. ಟಿವಿ ಇಲ್ಲ, ಫ್ಯಾನಿನ ಸಪ್ಪಳ ಇಲ್ಲ, ಮೊಬೈಲಿನ ಚಾರ್ಜ್ ಮುಗಿದಿತ್ತು. ದೂರದಲ್ಲಿ ಒಂದು ಗಾಡಿ ಹಾರ್ನ್ ಹಾಕುತ್ತ ಹೋಯಿತು. ಅದು ಹೋಗಿ ಸ್ವಲ್ಪ ಹೊತ್ತಾದ ಮೇಲೆ ನನ್ನ ತಾಯಿ ಕೇಳಿದಳು: “ಯಾಕೋ ತಮ್ಮಾ, ಈಗ ರಾತ್ರಿ ಗಾಡಿ ಬಂದ್ ಆಗ್ಯಾವೇನು?”

ಅವಳು ಶಾಂತಳಾಗಿರಲಿಲ್ಲ. ಅವಳಿಗೆ ಕೇಳಿಸುತ್ತಿರಲಿಲ್ಲ.

ಪರೀಕ್ಷೆ ಮಾಡಿದ ವೈದ್ಯರು, ಇದು ತಿಂಗಳೆರಡು ತಿಂಗಳದ್ದಲ್ಲ, ವರ್ಷಗಳಿಂದ ಬೆಳೆಯುತ್ತ ಬಂದದ್ದು ಎಂದರು. ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗುವುದು ಸಣ್ಣ, ಚೂಪಾದ ದನಿಗಳು. ಮಕ್ಕಳ ದನಿ, ಹೆಂಗಸರ ದನಿ ಮೊದಲು ಮಸುಕಾಗುತ್ತವೆ. ಯಾರೋ ಮಾತಾಡುತ್ತಿದ್ದಾರೆ ಎಂಬುದು ಗೊತ್ತಾಗುತ್ತದೆ, ಏನು ಹೇಳುತ್ತಿದ್ದಾರೆ ಎಂಬುದು ಬಿಡಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಅವರು ಮುಖ ನೋಡಿ ನಗುತ್ತಾರೆ, ತಲೆಯಾಡಿಸುತ್ತಾರೆ. ನನ್ನ ಮಗಳು ಅಜ್ಜಿಗೆ ಶಾಲೆಯ ಕಥೆಗಳನ್ನು ಹೇಳುತ್ತಿದ್ದಳು, ಅಜ್ಜಿ ನಗುತ್ತಿದ್ದಳು. ಆ ಕಥೆಗಳಲ್ಲಿ ಎಷ್ಟು ಅವಳಿಗೆ ಮುಟ್ಟಿದವೋ ಇವತ್ತಿಗೂ ನನಗೆ ತಿಳಿಯದು. ಒಂದೇ ಮನೆಯಲ್ಲಿ ದಿನಕ್ಕೆ ನಾಲ್ಕು ಸಲ ಎದುರುಬದುರಾದ ನಾವು ಇದನ್ನು ಗುರುತಿಸದೆ ಹೋದದ್ದಕ್ಕೆ ಕಾರಣ ಪ್ರೀತಿ ಇಲ್ಲದ್ದಲ್ಲ. “ಊಟ ಆಯ್ತೇನು?”, “ಗುಳಿಗಿ ತಗೊಂಡಿಯೇನು?” ಎಂಬ ಎರಡೇ ಪ್ರಶ್ನೆಗಳಲ್ಲಿ ನಮ್ಮ ಮಾತುಕತೆ ಮುಗಿಯುತ್ತಿತ್ತು, ಆ ಎರಡಕ್ಕೂ ತಲೆಯಾಡಿಸಿದರೆ ಸಾಕಾಗಿತ್ತು. ಕಿವಿ ಕೇಳಿಸದಿರುವುದು ಹೊರಗೆ ಬೀಳಬೇಕಾದರೆ ಅದಕ್ಕಿಂತ ಉದ್ದವಾದ ಮಾತು ಬೇಕು. 36 ವರ್ಷ ಸಾವಿರಾರು ಗಾಡಿಗಳ ಕೊನೆಯ ಡಬ್ಬಿಯನ್ನು ಎದ್ದು ನಿಂತು ನೋಡಿದವನು, ನನ್ನ ಮನೆಯ ಕೊನೆಯ ಡಬ್ಬಿಯನ್ನು ನೋಡಲಿಲ್ಲ. ನಾನೇ ಎಂಜಿನ್ ಆಗಿದ್ದೆ, ನನ್ನ ಮುಂದೆ ಹಳಿ ಸರಿಯಾಗಿ ಕಾಣುತ್ತಿತ್ತು.

ಆದ್ದರಿಂದ ಮುಖ್ಯವಾದದ್ದು ಯಾವುದು ಎಂದು ಕುಳಿತು ಪಟ್ಟಿ ಮಾಡುವುದರಿಂದ ಅದು ಸಿಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಅಂದು ಯಾರಾದರೂ ನನ್ನನ್ನು ಕೇಳಿದ್ದರೆ, ನನಗೆ ಮುಖ್ಯರಾದವರಲ್ಲಿ ತಾಯಿಯ ಹೆಸರನ್ನು ಮೊದಲನೆಯದಾಗಿಯೇ ಬರೆಯುತ್ತಿದ್ದೆ, ಅದು ಸುಳ್ಳೂ ಆಗಿರುತ್ತಿರಲಿಲ್ಲ. ಮುಖ್ಯ ಎಂದು ಗೊತ್ತಿರುವುದು ಒಂದು, ಅದು ಹೇಗಿದೆ ಎಂದು ಗೊತ್ತಿರುವುದು ಇನ್ನೊಂದು. ಈ ಎರಡನೆಯದಕ್ಕೆ ತೆರಪು ಬೇಕು.

ಇಲ್ಲಿ ಒಂದು ಪ್ರಶ್ನೆಯನ್ನು ನಾನು ತಪ್ಪಿಸಿಕೊಂಡು ಹೋಗುವಂತಿಲ್ಲ. ನಿಧಾನವಾಗಿ ಬದುಕಿ ಎಂದು ಹೇಳುವುದು ಪಿಂಚಣಿ ಬರುವವನಿಗೆ ಸುಲಭ. ನಮ್ಮ ಯಾದಗಿರಿ, ಕಲಬುರಗಿ ಸೀಮೆಯ ಜನ ಗುಳೆ ಹೋಗುವುದನ್ನು ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತು ವರ್ಷಾನುಗಟ್ಟಲೆ ನೋಡಿದ್ದೇನೆ. ಬೆಂಗಳೂರಿಗೆ, ಮುಂಬೈಗೆ, ಪುಣೆಗೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಹೊರಟ ಕುಟುಂಬಗಳು, ಗಂಟುಮೂಟೆ, ಬಟ್ಟೆಯಲ್ಲಿ ಕಟ್ಟಿಕೊಂಡ ಕಟಕು ರೊಟ್ಟಿ, ಮಡಿಲಲ್ಲಿ ಕೂಸು. ಜನರಲ್ ಡಬ್ಬಿಯಲ್ಲಿ ಜಾಗ ಸಿಗಲೆಂದು ಗಾಡಿಗಿಂತ ನಾಲ್ಕೈದು ತಾಸು ಮೊದಲೇ ಬಂದು ಕುಳಿತಿರುತ್ತಿದ್ದರು. ಅವರಿಗೆ ಹೊತ್ತು ಬೇಕಾದಷ್ಟಿತ್ತು, ಆದರೆ ಆ ಹೊತ್ತಿನ ಒಳಗೆ ತೆರಪು ಇರಲಿಲ್ಲ. ಜಾಗ ಸಿಗುತ್ತದೋ ಇಲ್ಲವೋ, ಮೇಸ್ತ್ರಿ ಕೆಲಸ ಕೊಡುತ್ತಾನೋ ಇಲ್ಲವೋ ಎಂಬ ಚಿಂತೆಯೇ ಅದನ್ನು ತುಂಬಿಕೊಂಡಿತ್ತು. ಕಾಯುವುದು ಬೇರೆ, ಸಾವಕಾಶ ಬೇರೆ ಎಂದು ನನಗೆ ತಿಳಿದದ್ದು ಆ ಮುಖಗಳನ್ನು ನೋಡಿ. ಅಂಥವರಿಗೆ ನಿಧಾನದ ಉಪದೇಶ ಮಾಡುವುದು ಅನ್ಯಾಯ. ಅವರಿಗೆ ಬೇಕಾದದ್ದು ಊರಲ್ಲೇ ಕೆಲಸ, ಹೊಲಕ್ಕೆ ನೀರು.

ಇದೇ ಮಾತು ನಮ್ಮ ಮನೆಗಳ ಒಳಗೂ ಇದೆ, ಅದನ್ನು ಹೇಳುವುದು ಇನ್ನೂ ಕಷ್ಟ. ನನ್ನ ತಂದೆ ಭೀಮೆಯ ದಂಡೆಯ ಹಳ್ಳಿಯಲ್ಲಿ ಒಕ್ಕಲುತನ ಮಾಡುತ್ತಿದ್ದರು. ಸಂಜೆ ಹೊಲದಿಂದ ಬಂದು, ಕೈಕಾಲು ತೊಳೆದು, ಬೇವಿನ ಗಿಡದ ಕೆಳಗಿನ ಫರಸಿ ಕಲ್ಲಿನ ಕಟ್ಟೆಯ ಮೇಲೆ ದೀಪ ಹಚ್ಚುವವರೆಗೆ ಸುಮ್ಮನೆ ಕೂಡುತ್ತಿದ್ದರು. ಮಾತಾಡಿದರೆ ಮಾತಾಡಿದರು, ಇಲ್ಲದಿದ್ದರೆ ಇಲ್ಲ. ಎಷ್ಟೋ ವರ್ಷ ನಾನು ಇದನ್ನು ಹಳೆಯ ಕಾಲದ ಒಳ್ಳೆಯ ಬದುಕಿನ ಉದಾಹರಣೆಯಾಗಿ ಮಂದಿಯ ಮುಂದೆ ವರ್ಣಿಸುತ್ತಿದ್ದೆ. ಒಂದು ದಿನ ನನ್ನ ಹೆಂಡತಿ ಕೇಳಿದಳು: “ಆಗ ಅತ್ತಿ ಎಲ್ಲಿ ಕೂಡ್ತಿದ್ದರು?” ನಾನು ನೆನಪು ಮಾಡಿಕೊಂಡೆ. ಅವಳೂ ಹೊಲದಿಂದಲೇ ಬಂದಿರುತ್ತಿದ್ದಳು, ತಲೆಯ ಮೇಲೆ ಕಟ್ಟಿಗೆ ಹೊರೆ ಇರುತ್ತಿತ್ತು. ಅದನ್ನು ಇಳಿಸಿ, ನೀರು ತಂದು, ಒಲೆ ಹೊತ್ತಿಸಿ, ಜೋಳದ ಹಿಟ್ಟು ನಾದಿ, ಹೆಂಚಿನ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹತ್ತು ಜನರ ರೊಟ್ಟಿ ಬಡಿಯುತ್ತಿದ್ದಳು. ಕೆಳಗೆ ಉರಿ ಇರುವಾಗ ಹೆಂಚಿನ ಮೇಲಿನ ರೊಟ್ಟಿ ಯಾರಿಗೂ ಕಾಯುವುದಿಲ್ಲ. ಒಂದು ಬೇಯುವುದರೊಳಗೆ ಇನ್ನೊಂದನ್ನು ಬಡಿದಿರಬೇಕು. ಕಟ್ಟೆಯ ಮೇಲಿನ ಆ ಶಾಂತಿಗೆ ಬೇಕಾದ ತೆರಪನ್ನು ಒಳಗೆ ಒಬ್ಬಳು ತನ್ನ ಓಟದಿಂದ ಕೊಡುತ್ತಿದ್ದಳು, ಅವಳಿಗೆ ಅದನ್ನು ಯಾರೂ ಮರಳಿ ಕೊಡಲಿಲ್ಲ. ನನ್ನ ತಂದೆಯನ್ನು ನಾನು ದೂರುತ್ತಿಲ್ಲ, ಅವರೂ ದಿನವಿಡೀ ದುಡಿದವರು. ಆದರೆ ಸಾವಕಾಶ ಎಂಬುದು ಒಬ್ಬರು ಇನ್ನೊಬ್ಬರಿಗೆ ಕೊಡುವ ವಸ್ತು ಎಂದು ನಾನು ಮೊದಲೇ ಹೇಳಿದೆನಲ್ಲ, ಅದನ್ನು ನಾನು ಕಲಿತದ್ದು ನನ್ನ ಹೆಂಡತಿಯ ಆ ಒಂದು ಪ್ರಶ್ನೆಯಿಂದ. ನಿಧಾನವಾಗಿ ಬದುಕಬೇಕೆನ್ನುವವನು, ತನ್ನ ನಿಧಾನಕ್ಕಾಗಿ ಯಾರು ಓಡುತ್ತಿದ್ದಾರೆ ಎಂದು ಮೊದಲು ತಿರುಗಿ ನೋಡಬೇಕು.

ನಮ್ಮ ಜಿಲ್ಲೆಯ ಒಂದು ಕಲ್ಲಿನ ಬಗ್ಗೆ ಹೇಳಿ ಮುಂದೆ ಹೋಗುತ್ತೇನೆ. ವಿಷಯ ಬಿಟ್ಟು ಹೊರಟೆನೆಂದು ತಿಳಿಯಬೇಡಿ. ಚಿತ್ತಾಪುರದ ಕಡೆ, ಭೀಮೆಯ ದಂಡೆಯ ಸನ್ನತಿಯಲ್ಲಿ ಚಂದ್ರಲಾಂಬೆಯ ದೇವಸ್ಥಾನವಿದೆ. ಅದರ ಆವರಣದ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿದು ಬಿತ್ತು. ಮಣ್ಣು ಕಲ್ಲು ತೆಗೆದಾಗ, ಮೂರ್ತಿಯ ಕೆಳಗೆ ಪೀಠವಾಗಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಲಿಪಿಯ ಅಕ್ಷರಗಳು ಕಂಡವು. ಅವು ಕ್ರಿಸ್ತಪೂರ್ವ 3ನೆಯ ಶತಮಾನದ ಅಶೋಕನ ಶಾಸನಗಳು. ಮೂರ್ತಿಯನ್ನು ನಿಲ್ಲಿಸಲು ಆ ಕಲ್ಲಿನ ನಡುವೆ ಯಾರೋ ಹಿಂದೆ ತೂತು ಕೊರೆದಿದ್ದರು. ಅಕ್ಷರ ಓದಬಲ್ಲವರು ಅಷ್ಟು ಹೊತ್ತಿಗೆ ಯಾರೂ ಉಳಿದಿರಲಿಲ್ಲ. ಎಷ್ಟೋ ತಲೆಮಾರುಗಳು ಆ ಕಲ್ಲಿನ ಮುಂದೆ ತಲೆಬಾಗಿ ಹೋದವು. ಅಶೋಕನ ಬಂಡೆ ಶಾಸನಗಳ ಎಣಿಕೆಯಲ್ಲಿ ಹನ್ನೆರಡನೆಯದು ಎನ್ನುವ ಶಾಸನವೂ ಅದರಲ್ಲಿದೆ; ಅದರ ತಿರುಳು ಇಂದಿನ ನಮ್ಮ ಮಾತಿಗೆ ನೇರವಾಗಿ ಸಂಬಂಧಿಸಿದ್ದು. ಎಲ್ಲ ಪಂಥಗಳೂ ಸತ್ತ್ವದಲ್ಲಿ ಬೆಳೆಯಬೇಕಾದರೆ ಅದಕ್ಕೆ ಮೂಲ ಮಾತಿನ ಸಂಯಮ. ಸಂದರ್ಭವಿಲ್ಲದೆ ತನ್ನದನ್ನು ಹೊಗಳಬಾರದು, ಇನ್ನೊಬ್ಬರದನ್ನು ಹಳಿಯಬಾರದು. ಒಬ್ಬರ ಧರ್ಮವನ್ನು ಇನ್ನೊಬ್ಬರು ಕೇಳಬೇಕು, ಕೇಳಲು ಮನಸ್ಸುಳ್ಳವರಾಗಿರಬೇಕು. ಕಳಿಂಗದಲ್ಲಿ ಯುದ್ಧ ಮಾಡಿ, ಆದದ್ದನ್ನು ಕಂಡು ನಿಂತು ಯೋಚಿಸಿದ ಅರಸನೊಬ್ಬ, ನಾಲಿಗೆಯನ್ನು ನಿಧಾನಿಸಿ, ಕಿವಿಯನ್ನು ತೆರೆಯಿರಿ ಎಂದು ಕಲ್ಲಿನಲ್ಲಿ ಕೊರೆಸಿದ. ಒಂದು ಕಡೆ ಶರಣಬಸವೇಶ್ವರರ ಗುಡಿ, ಇನ್ನೊಂದು ಕಡೆ ಖ್ವಾಜಾ ಬಂದೇ ನವಾಜರ ದರ್ಗಾ ಇರುವ ಊರಿನಲ್ಲಿ ಕುಳಿತು ನಾವು ಮೊಬೈಲಿನಲ್ಲಿ ಬಂದದ್ದನ್ನು ಓದಿ ಮುಗಿಸುವ ಮೊದಲೇ ಹತ್ತು ಜನರಿಗೆ ದಾಟಿಸುತ್ತೇವೆ. ಆ ಬೆರಳು ಮತ್ತು ಆ ಸಂದೇಶದ ನಡುವೆ ಎರಡು ನಿಮಿಷದ ತೆರಪು ಇದ್ದರೆ ಎಷ್ಟು ಮನೆಗಳ ನೆಮ್ಮದಿ ಉಳಿಯುತ್ತದೆ ಎಂದು ನಾನು ಯೋಚಿಸುತ್ತೇನೆ.

‘ನಿಧಾನ’ ಎಂಬ ಪದಕ್ಕೂ ಒಂದು ಹಳೆಯ ಅರ್ಥವಿದೆ: ನೆಲದೊಳಗೆ ಹೂತಿಟ್ಟ ನಿಧಿ. ನಮ್ಮ ಶರಣರ ಮಾತುಗಳಲ್ಲಿ ನಿಧಾನ ಎಂದರೆ ಎಷ್ಟೋ ಕಡೆ ಅದೇ. ಮೆಲ್ಲಗಿರುವುದಕ್ಕೂ ನೆಲದೊಳಗಿನ ಸಿರಿಗೂ ಕನ್ನಡದಲ್ಲಿ ಒಂದೇ ಹೆಸರು ಇರುವುದನ್ನು ಕಂಡಾಗಲೆಲ್ಲ ನನಗೆ ಬೀದರಿನ ನೌಬಾದಿನ ಸುರಂಗ ಬಾವಿ ನೆನಪಾಗುತ್ತದೆ. ನೀವು ನೋಡಿರದಿದ್ದರೆ ಒಮ್ಮೆ ನೋಡಿ ಬನ್ನಿ. ಬಹಮನಿಯವರ ಕಾಲದಲ್ಲಿ, 15ನೆಯ ಶತಮಾನದಲ್ಲಿ, ಇರಾನಿನ ಕರೇಜ್ ಪದ್ಧತಿಯಂತೆ ಆ ಕೆಂಪು ಜಂಬಿಟ್ಟಿಗೆಯ ದಿನ್ನೆಯ ಹೊಟ್ಟೆಯಲ್ಲಿ ಕೊರೆದ ನೀರಿನ ದಾರಿ ಅದು. ಅದರ ಇಳಿಜಾರು ಬಹಳ ಸಣ್ಣದು. ಹೆಚ್ಚು ಇಳಿಜಾರಾದರೆ ನೀರು ರಭಸದಿಂದ ಹರಿದು ಸುರಂಗದ ನೆಲವನ್ನೇ ಕೊರೆಯುತ್ತದೆ, ಇಳಿಜಾರೇ ಇಲ್ಲದಿದ್ದರೆ ನಿಂತು ಕೆಡುತ್ತದೆ. ಮೇಲಿನಿಂದ ಕೆಳಗಿನವರೆಗೆ ಅಲ್ಲಲ್ಲಿ ಬಾವಿಯಂಥ ಬಾಯಿಗಳಿವೆ. ಕೊರೆಯುವವರಿಗೆ ಗಾಳಿ ಬಂದದ್ದು ಅವುಗಳಿಂದ, ಮಣ್ಣು ಹೊರಗೆ ಹೋದದ್ದು ಅವುಗಳಿಂದ, ಆಮೇಲೆ ಹೂಳು ತೆಗೆಯಲು ಇಳಿದದ್ದೂ ಅವುಗಳಿಂದಲೇ. ಮುಂದೆ ಆ ಬಾಯಿಗಳನ್ನು ಜನ ಮರೆತರು, ಕಸ ತುಂಬಿದರು, ಎಷ್ಟೋ ಕಾಲ ನೀರು ಅಲ್ಲಿದೆ ಎಂಬುದೇ ಊರಿಗೆ ಮರೆತುಹೋಗಿತ್ತು. ಈಚಿನ ವರ್ಷಗಳಲ್ಲಿ ಹೂಳು ತೆಗೆದಾಗ ನೀರು ಅಲ್ಲಿಯೇ ಇತ್ತು. ದಿನವೊಂದರಲ್ಲಿ ನಾವು ಬಿಟ್ಟುಕೊಳ್ಳುವ ತೆರಪುಗಳು ಅಂಥ ಬಾಯಿಗಳು. ಮೇಲಿನಿಂದ ನೋಡುವವನಿಗೆ ಅದು ಉಪಯೋಗವಿಲ್ಲದ ತಗ್ಗು, ಮುಚ್ಚಿದರೆ ಒಂದು ಅಂಗಡಿ ಹಾಕಬಹುದಾದ ಜಾಗ.

ಇಲ್ಲಿ ಬಂದಿರುವ ವಿದ್ಯಾರ್ಥಿಗಳಿಗೆ ಒಂದೇ ಮಾತು. ನೀವು ಅವಸರದಲ್ಲಿದ್ದೀರಿ, ಇರಬೇಕಾದದ್ದೇ. ನಮ್ಮ ಹೊಲಗಳಲ್ಲಿ ತೊಗರಿಯ ಸಾಲಿನ ನಡುವೆ ಹೆಸರು ಬಿತ್ತುತ್ತಾರಲ್ಲ, ಅದು ಎರಡು ತಿಂಗಳು ಕಳೆಯುವಷ್ಟರಲ್ಲಿ ಕೈಗೆ ಬಂದು ಮನೆಯ ಖರ್ಚಿಗೆ ಆಗುತ್ತದೆ. ಅದೇ ಹೊತ್ತಿನಲ್ಲಿ ತೊಗರಿ ಮೇಲೆ ಏನೂ ಬೆಳೆದಂತೆ ಕಾಣುವುದಿಲ್ಲ. ಅದು ತಾಯಿಬೇರನ್ನು ಕೆಳಗೆ ಇಳಿಸುತ್ತಿರುತ್ತದೆ, ಮಳೆ ನಿಂತ ಮೇಲೆ ಆ ಬೇರಿನ ಮೇಲೆಯೇ ಹೂ ಬಿಡುತ್ತದೆ. ನಮ್ಮ ಒಕ್ಕಲಿಗರು ಹೆಸರನ್ನು ಬೇಡ ಎನ್ನಲಿಲ್ಲ, ಎರಡನ್ನೂ ಒಂದೇ ಹೊಲದಲ್ಲಿ ಬೆಳೆದರು. ಎರಡು ಸಾಲಿನ ನಡುವೆ ಜಾಗ ಬಿಡುವುದನ್ನು ಮಾತ್ರ ಮರೆಯಲಿಲ್ಲ.

ನಿವೃತ್ತನಾದ ಮೇಲೆ ನಾನು ಇಟ್ಟುಕೊಂಡ ಒಂದು ರೂಢಿಯನ್ನು ಹೇಳುತ್ತೇನೆ, ಕೇಳಿದವರಿದ್ದಾರೆ ಎಂಬ ಕಾರಣಕ್ಕೆ. ಒಂದು ಹಳೆಯ ಡೈರಿ ಇದೆ. ರಾತ್ರಿ ಮಲಗುವ ಮೊದಲು ಅದರಲ್ಲಿ ಒಂದು ಸಾಲು ಬರೆಯುತ್ತೇನೆ: ಇವತ್ತು ಯಾರ ಮಾತನ್ನು ಅವರು ಮುಗಿಸುವವರೆಗೆ ಕೇಳಿದೆ, ಅವರು ಏನು ಹೇಳಿದರು. ಹಾಲಿನ ಹುಡುಗನ ತಂಗಿ ಹತ್ತನೆಯ ತರಗತಿ ಪಾಸಾಗಿದ್ದಾಳೆ, ಮುಂದೆ ಓದಿಸಲು ಮನೆಯಲ್ಲಿ ಒಪ್ಪುತ್ತಿಲ್ಲ ಎಂಬುದು ಒಂದು ಸಾಲು. ಪಕ್ಕದ ಮನೆಯ ಹಿರಿಯರಿಗೆ ರಾತ್ರಿ ನಿದ್ದೆ ಬರುತ್ತಿಲ್ಲ, ಮಗನಿಗೆ ಹೇಳಿಲ್ಲ ಎಂಬುದು ಇನ್ನೊಂದು. ಹಲವು ಪುಟಗಳು ಖಾಲಿ ಇವೆ, ಯಾಕೆಂದರೆ ಆ ದಿನಗಳಲ್ಲಿ ನಾನು ಯಾರ ಮಾತನ್ನೂ ಮುಗಿಯುವವರೆಗೆ ಕೇಳಲಿಲ್ಲ. ಸಂಜೆ ಆರರಿಂದ ಏಳರವರೆಗೆ ಅಡುಗೆಮನೆಯಲ್ಲಿ ನಾನಿರುತ್ತೇನೆ. ಆ ಒಂದು ತಾಸು ನನ್ನ ಹೆಂಡತಿಯದು. ಅವಳು ಅಪ್ಪನ ಕೆರೆಯ ಕಡೆ ನಡೆದು ಹೋಗುತ್ತಾಳೆ, ಇಲ್ಲವೇ ಹೊರಗಿನ ಕಟ್ಟೆಯ ಮೇಲೆ ಕೂಡುತ್ತಾಳೆ. ಅವಳು ಏನು ಯೋಚಿಸುತ್ತಾಳೆ ಎಂದು ನಾನು ಕೇಳುವುದಿಲ್ಲ. ಬಂದು ಹೇಳಿದರೆ ಕೇಳುತ್ತೇನೆ.

ನನ್ನ ತಾಯಿಗೆ ಕಿವಿಯ ಯಂತ್ರ ಹಾಕಿಸಿದೆವು. ಮೊದಲ ದಿನವೇ ತೆಗೆದಿಟ್ಟಳು. ಭಾಂಡೆಯ ಸಪ್ಪಳ ತಲೆಗೆ ಬಡಿಯುತ್ತದೆ ಎಂದಳು. ಇಷ್ಟು ಕಾಲ ಕೇಳಿಸದಿದ್ದ ಸಪ್ಪಳಗಳೆಲ್ಲ ಒಮ್ಮೆಲೇ ಮರಳಿ ಬಂದರೆ ಹಾಗೆಯೇ ಆಗುತ್ತದೆ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಹಾಕಿಕೊಂಡು ರೂಢಿಮಾಡಿಕೊಳ್ಳಲಿ ಎಂದು ವೈದ್ಯರು ಹೇಳಿದರು. ಮಗಳು ಪಕ್ಕದಲ್ಲಿ ಕುಳಿತು ದಿನಕ್ಕೆ ಅರ್ಧ ತಾಸು ಮಾತಾಡಿದಳು, ಹಳೆಯ ಶಾಲೆಯ ಕಥೆಗಳನ್ನು ಮೊದಲಿನಿಂದ ಹೇಳಿದಳು. ಮಳೆಗಾಲ ಶುರುವಾಗುವ ಮೊದಲು ಒಂದು ರಾತ್ರಿ, ಆ ದಿನ ಕರೆಂಟು ಇದ್ದರೂ, ಎಲ್ಲರೂ ಮಾಳಿಗೆಯ ಮೇಲೆ ಕುಳಿತಿದ್ದೆವು. ಶಹಾಬಾದಿನ ಕಡೆಯಿಂದ ಗಾಡಿಯ ಸಪ್ಪಳ ಬಂತು. ನಾನು ಅವಳ ಮುಖವನ್ನೇ ನೋಡುತ್ತಿದ್ದೆ. ಅವಳು ಸ್ವಲ್ಪ ತಲೆ ವಾರೆ ಮಾಡಿ, ಕಣ್ಣು ಮುಚ್ಚಿಕೊಂಡು ಕೇಳಿದಳು. ಕ್ವಾರ್ಟರ್ಸಿನಲ್ಲಿ ಮೂವತ್ತು ವರ್ಷ ಬಾಳಿದ ಕಿವಿ ಅದು. ಖಾಲಿ ಡಬ್ಬಿ ಖಡಖಡ ಎನ್ನುತ್ತವೆ, ತುಂಬಿದವು ನೆಲವನ್ನು ಒತ್ತಿಕೊಂಡು ಹೋಗುತ್ತವೆ.

“ಗೂಡ್ಸ್ ಗಾಡಿ,” ಎಂದಳು. ಆಮೇಲೆ, “ತುಂಬಿ ಬಂದದ.”

ಕೊನೆಯ ಡಬ್ಬಿ ದಾಟಿಹೋಗುವತನಕ ನಾವು ಯಾರೂ ಮಾತಾಡಲಿಲ್ಲ.